ಪಹಣಿ ಒಬ್ಬರದು, ಉಳುಮೆ ಇನ್ನೊಬ್ಬರದು: ಜಿಯೋನಿಸಂನ ಮೊದಲ ದಿನಗಳು

ಇಸ್ರೇಲ್, ಪ್ಯಾಲೆಸ್ಟೀನ್ ಮಾತು ಬಂದಾಗಲೆಲ್ಲ ನಮ್ಮ ಗೆಳೆಯರಲ್ಲಿ ಎರಡು ಗುಂಪಾಗುತ್ತೆ. ಒಂದು ಗುಂಪು, "ನೋಡ್ರಪ್ಪ, ಎರಡು ಸಾವಿರ ವರ್ಷ ಊರೂರಲ್ಲಿ ಒದೆ ತಿಂದ ಜನ ಒಗ್ಗಟ್ಟಾಗಿ ತಮ್ಮದೇ ಒಂದು ದೇಶ ಕಟ್ಟಿಕೊಂಡ್ರು, ನಾವಿನ್ನೂ ಕೇರಿಯಲ್ಲೇ ಇದ್ದೀವಿ" ಅನ್ನುತ್ತೆ. ಇನ್ನೊಂದು ಗುಂಪು, "ಅದೆಲ್ಲ ಬ್ರಿಟಿಷರು ಹೂಡಿದ ಆಟ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತೆ. ಇಬ್ಬರೂ ಕತೆ ಶುರು ಮಾಡೋದು 1917ರಿಂದ, ಇಲ್ಲವೇ 1948ರಿಂದ. ಆದರೆ ಇದರ ಬೇರು ಇರೋದು ಅದಕ್ಕೂ ಹಿಂದಿನ ಮೂವತ್ತು ನಲವತ್ತು ವರ್ಷಗಳಲ್ಲಿ, ಬ್ರಿಟಿಷ್ ಸೈನ್ಯ ಜೆರುಸಲೇಮಿಗೆ ಕಾಲಿಡುವ ಮುಂಚೆ. ಆ ಕಾಲದ ಬಗ್ಗೆ ಬರೀತಿದೀನಿ. ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಜಗತ್ತಿನ ಯಹೂದಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ರಷ್ಯಾದ ಝಾರ್ ದೊರೆಗಳ ಆಳ್ವಿಕೆಯಲ್ಲಿದ್ದರು. 1897ರ ಜನಗಣತಿಯ ಪ್ರಕಾರ 50 ಲಕ್ಷಕ್ಕೂ ಹೆಚ್ಚು. ಇವರು ಆ ದೇಶದಲ್ಲಿ ಎಲ್ಲಿ ಬೇಕಾದರೂ ವಾಸ ಮಾಡುವಂತಿರಲಿಲ್ಲ. ಇವತ್ತಿನ ಪೋಲೆಂಡ್, ಲಿಥುವೇನಿಯಾ, ಬೆಲಾರಸ್, ಉಕ್ರೇನ್, ಮಾಲ್ಡೋವಾ ಕಡೆಯ ಪಶ್ಚಿಮದ ಪಟ್ಟಿಯೊಳಗೇ ಇರಬೇಕು ಅಂತ 1790ರ ದಶಕದಿಂದಲೇ ಕಟ್ಟುಪಾಡು. ಆ ಪಟ್ಟಿಗೆ 'ಪೇಲ್' ಅಂತ ಹೆಸರು. ಅದು ಕೊನೆಯಾಗಿದ್ದು 1917ರಲ್ಲಿ. ನಿಕೊಲಾಸ್ ದೊರೆ 1827ರಲ್ಲಿ ತಂದ ಕಾನೂನಿನಂತೆ ಹನ್ನೆರಡು ವರ್ಷದ ಯಹೂದಿ ಹುಡುಗರನ್ನೂ ಸೈನ್ಯದ ಶಾಲೆಗಳಿಗೆ ಎಳೆದೊಯ್ಯುತ್ತಿದ್ದರು. ಅಲ್ಲಿ ಅವರನ್ನ ಕ್ರೈಸ್ತರನ್ನಾಗಿ ಮಾಡಲು ಹಿಂಸೆ ಕೊಡುತ್ತಿದ್ದರು. ಊರಿಗೊಂದು ಕೇರಿ, ಕೇರಿಗೊಂದು ಗೆರೆ ಅಂದ್ರೇನು ಅಂತ ನಮಗೆ ಯಾರೂ ವಿವರಿಸಿ ಹೇಳಬೇಕಿಲ್ಲ.

ಒಂದು ವ್ಯತ್ಯಾಸ ಮಾತ್ರ ಗಮನದಲ್ಲಿಟ್ಟುಕೊಳ್ಳಿ. ನಮ್ಮವರು ತಲೆತಲಾಂತರದಿಂದ ಭೂಮಿ ಮೇಲೆ ದುಡಿದರು, ಭೂಮಿ ನಮ್ಮದಾಗಲಿಲ್ಲ. ಪೇಲಿನ ಯಹೂದಿಗಳಲ್ಲಿ ಬಹುತೇಕರನ್ನ ಭೂಮಿಯ ಹತ್ತಿರವೇ ಬಿಟ್ಟುಕೊಳ್ಳಲಿಲ್ಲ. ದರ್ಜಿ, ಚಮ್ಮಾರ, ಬಂಡಿ ಹೊಡೆಯೋನು, ಸಣ್ಣ ಅಂಗಡಿಯವನು, ಹೆಂಡದಂಗಡಿಯವನು, ಲೇವಾದೇವಿಯವನು, ಹೀಗೆ ಬದುಕು. ಆಮೇಲೆ ಅದೇ ಬದುಕನ್ನ ತೋರಿಸಿ, "ಇವರು ಬೆವರು ಸುರಿಸೋ ಜನ ಅಲ್ಲ, ಪರಾವಲಂಬಿಗಳು" ಅಂತ ಬೈಗುಳ. ಕೆಲಸ ಕೊಡೋದೂ ಅವರೇ, ಆ ಕೆಲಸ ಹೊಲಸು ಅನ್ನೋದೂ ಅವರೇ. ಈ ಆಟ ನಮಗೂ ಚೆನ್ನಾಗಿ ಗೊತ್ತು. ಎಷ್ಟೋ ಯಹೂದಿ ಸುಧಾರಕರು ಈ ಬೈಗುಳವನ್ನ ಒಳಗೊಳಗೇ ನಂಬಿಬಿಟ್ಟರು. ನಮ್ಮ ಜನ ನೇಗಿಲು ಹಿಡಿದರೆ ಮಾತ್ರ ಮನುಷ್ಯರಾಗ್ತಾರೆ ಅನ್ನೋ ಕನಸು ಹುಟ್ಟಿದ್ದು ಹಾಗೆ. ಮುಂದೆ ಆದದ್ದರಲ್ಲಿ ಈ ನೇಗಿಲಿನ ಕನಸಿನ ಪಾಲು ದೊಡ್ಡದು.

1881ರ ಮಾರ್ಚಿನಲ್ಲಿ ಎರಡನೇ ಅಲೆಕ್ಸಾಂಡರ್ ದೊರೆಯನ್ನ ಕ್ರಾಂತಿಕಾರಿಗಳು ಬಾಂಬ್ ಹಾಕಿ ಕೊಂದರು. ಆ ಗುಂಪಿನಲ್ಲಿ ಹೆಸ್ಯಾ ಹೆಲ್ಫ್‌ಮನ್ ಅನ್ನೋ ಒಬ್ಬ ಯಹೂದಿ ಹೆಣ್ಣುಮಗಳಿದ್ದಳು. ಅಷ್ಟು ಸಾಕಾಯ್ತು. ಏಪ್ರಿಲ್‌ನಲ್ಲಿ ಯೆಲಿಸಾವೆತ್‌ಗ್ರಾದ್ ಅನ್ನೋ ಊರಲ್ಲಿ ಶುರುವಾದ ದಾಳಿ ಕೀವ್, ಒಡೆಸಾ ಅಂತ ಹಬ್ಬಿ, ಇನ್ನೂರಕ್ಕೂ ಹೆಚ್ಚು ಕಡೆ ಮನೆ, ಅಂಗಡಿಗಳನ್ನ ದೋಚಿದರು, ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು, ಕೊಂದರು. 'ಪೋಗ್ರಂ' ಅನ್ನೋ ರಷ್ಯನ್ ಮಾತು ಜಗತ್ತಿಗೆಲ್ಲ ಪರಿಚಯ ಆದದ್ದು ಆಗಲೇ. ಸರ್ಕಾರ ಏನು ಮಾಡ್ತು? ಏಟು ತಿಂದವರ ಮೇಲೇ ಕಾನೂನು ತಂತು. 1882ರ ಮೇ ಕಾಯ್ದೆಗಳ ಪ್ರಕಾರ ಯಹೂದಿಗಳು ಹಳ್ಳಿಗಾಡಿನಲ್ಲಿ ಹೊಸದಾಗಿ ನೆಲೆಸುವಂತಿಲ್ಲ, ಅಲ್ಲಿ ಜಮೀನು ಕೊಳ್ಳುವಂತಿಲ್ಲ, ಗುತ್ತಿಗೆಗೂ ಹಿಡಿಯುವಂತಿಲ್ಲ. 1887ರಲ್ಲಿ ಶಾಲೆ, ಕಾಲೇಜಿಗೂ ಮಿತಿ ಹಾಕಿದರು: ಪೇಲಿನ ಒಳಗೆ ನೂರಕ್ಕೆ 10, ಹೊರಗೆ 5, ಮಾಸ್ಕೋ ಮತ್ತು ಪೀಟರ್ಸ್‌ಬರ್ಗ್‌ನಲ್ಲಿ 3. ನಮ್ಮಲ್ಲಿ ಮೀಸಲಾತಿ ಬಾಗಿಲು ತೆಗೆಯೋಕೆ ಬಂತು, ಅಲ್ಲಿ ಪರ್ಸೆಂಟೇಜ್ ಬಂದದ್ದು ಬಾಗಿಲು ಹಾಕೋಕೆ.

ಇದಕ್ಕಿಂತ ಆಳಕ್ಕೆ ಇಳಿದ ಗಾಯ ಇನ್ನೊಂದಿದೆ. ಯಹೂದಿ ವಿದ್ಯಾರ್ಥಿಗಳಲ್ಲಿ ಹಲವರು ರಷ್ಯನ್ ಕ್ರಾಂತಿಕಾರಿಗಳ ಜೊತೆಗಿದ್ದವರು. ರೈತರು ಎದ್ದರೆ ಎಲ್ಲರಿಗೂ ಬಿಡುಗಡೆ ಅಂತ ನಂಬಿದವರು. 1881ರ ಆಗಸ್ಟ್ ಕೊನೆಗೆ ದೊರೆಯನ್ನ ಕೊಂದ ಅದೇ 'ನರೋದ್ನಾಯಾ ವೋಲ್ಯಾ' ಸಂಘಟನೆಯ ಹೆಸರಲ್ಲಿ ಉಕ್ರೇನಿನ ಜನರಿಗೆ ಒಂದು ಕರಪತ್ರ ಬಂತು. ಯಹೂದಿಗಳ ಮೇಲಿನ ದಾಳಿಯನ್ನ ಅದು ಜನರ ದಂಗೆ ಅಂತ ಸ್ವಾಗತಿಸಿತ್ತು! ಆ ಸಂಘಟನೆಯ ಒಳಗೇ ಕೆಲವರು ಇದನ್ನ ವಿರೋಧಿಸಿದರು, ನಿಜ. ಆದರೆ ಏಟು ಬಿದ್ದಾಗಿತ್ತು. "ಮೊದಲು ವರ್ಗ ಹೋರಾಟ, ನಿಮ್ಮ ಪ್ರಶ್ನೆ ಆಮೇಲೆ" ಅಂತ ಕಾಮ್ರೇಡುಗಳಿಂದ ಕೇಳಿಸಿಕೊಂಡಿರೋ ನಮ್ಮ ಹಿರಿಯರಿಗೆ ಆ ಹುಡುಗರ ಹೊಟ್ಟೆ ಉರಿ ಅರ್ಥ ಆಗುತ್ತೆ.

ಆಗ ಜನ ಏನು ಮಾಡಿದರು? ಬಹುಪಾಲು ಜನ ಗಂಟುಮೂಟೆ ಕಟ್ಟಿಕೊಂಡು ಅಮೆರಿಕದ ಹಡಗು ಹತ್ತಿದರು. 1881ರಿಂದ 1914ರೊಳಗೆ ಪೂರ್ವ ಯುರೋಪ್ ಬಿಟ್ಟು ಹೋದ ಯಹೂದಿಗಳು 20 ಲಕ್ಷಕ್ಕೂ ಹೆಚ್ಚು. ಅದರಲ್ಲಿ ಪ್ಯಾಲೆಸ್ಟೀನ್ ಕಡೆ ಹೋದವರು ಬೆರಳೆಣಿಕೆ ಅನ್ನಬಹುದು. 1882ರಿಂದ 1903ರವರೆಗಿನ 'ಮೊದಲ ವಲಸೆ'ಯಲ್ಲಿ 25ರಿಂದ 35 ಸಾವಿರ, ಅದರಲ್ಲೂ ಎಷ್ಟೋ ಜನ ವಾಪಸ್ ಹೋದರು. ಬ್ಯಾರನ್ ಹಿರ್ಶ್ ಅನ್ನೋ ಶ್ರೀಮಂತ ಅರ್ಜೆಂಟೀನಾದಲ್ಲಿ ಯಹೂದಿ ರೈತರ ಊರುಗಳನ್ನ ಕಟ್ಟಲು ದುಡ್ಡು ಸುರಿದ. ಸಾಮಾನ್ಯ ಯಹೂದಿಗೆ ಬೇಕಾಗಿದ್ದದ್ದು ಹೆದರಿಕೆ ಇಲ್ಲದ ಒಂದು ಸೂರು. ಅದು ಪ್ಯಾಲೆಸ್ಟೀನೇ ಆಗಬೇಕು ಅಂತ ಹಟ ಹಿಡಿದವರು ಕೆಲವರು.

ಆ ಕೆಲವರಿಗೆ ಮಾತು ಕೊಟ್ಟವನು ಲಿಯಾನ್ ಪಿನ್ಸ್‌ಕರ್. ಒಡೆಸಾದ ಡಾಕ್ಟರು. ಯಹೂದಿಗಳು ರಷ್ಯನ್ ಭಾಷೆ ಕಲಿತು, ಓದಿ, ರಷ್ಯನ್ನರೊಳಗೆ ಬೆರೆತುಹೋಗಬೇಕು ಅಂತ ವರ್ಷಗಟ್ಟಲೆ ಬರೆದವನು. 1881 ಅವನನ್ನ ಮುರಿಯಿತು. ಮರುವರ್ಷ ಬರ್ಲಿನ್‌ನಲ್ಲಿ ಹೆಸರು ಹಾಕದೆ, ಜರ್ಮನ್ ಭಾಷೆಯಲ್ಲಿ ಒಂದು ಸಣ್ಣ ಪುಸ್ತಕ ತಂದ. ಅದರ ಹೆಸರೇ 'ಸ್ವಯಂ ವಿಮೋಚನೆ' ಅಂತ. ಯಹೂದಿ ದ್ವೇಷ ಅನ್ನೋದು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರೋ ಮನೋರೋಗ, ದ್ವೇಷಿಸುವವನಿಗೆ ಅಂಟಿದ ರೋಗ ಅದು, ಯಹೂದಿ ಎಷ್ಟು ಒಳ್ಳೆಯವನಾದರೂ ವಾಸಿಯಾಗಲ್ಲ, ಆದ್ದರಿಂದ ಬೇರೆಯವರ ದಯೆಗೆ ಕಾಯಬೇಡಿ, ನಿಮ್ಮದೇ ಒಂದು ನೆಲ ಮಾಡಿಕೊಳ್ಳಿ. ಇದು ಅವನ ವಾದ. ಇಲ್ಲಿ ಬಾಬಾಸಾಹೇಬರ ನೆನಪಾಗದೆ ಇರೋಕೆ ಸಾಧ್ಯವಿಲ್ಲ. 'ಜಾತಿ ವಿನಾಶ'ದ ಮುನ್ನುಡಿಯಲ್ಲಿ ಅವರು ಹಿಂದೂಗಳನ್ನೇ ರೋಗಿಗಳು ಅಂದರಲ್ಲ, ಅದೇ ರೋಗ ನಿದಾನ. ಪಿನ್ಸ್‌ಕರ್ ಪ್ಯಾಲೆಸ್ಟೀನೇ ಬೇಕು ಅಂತ ಬರೆದಿರಲಿಲ್ಲ, ಯಾವ ನೆಲವಾದರೂ ಸರಿ ಅಂದಿದ್ದ. ಆದರೆ ಯಾವ ನೆಲವೂ ಖಾಲಿ ಬಿದ್ದಿರೋದಿಲ್ಲ ಅನ್ನೋದು ಅವನ ಪುಸ್ತಕದ ಲೆಕ್ಕದಲ್ಲಿರಲಿಲ್ಲ.

ಧರ್ಮಗುರುಗಳ ಕಡೆಯಿಂದ ಅಲ್ಕಲಾಯ್, ಕಲಿಷರ್ ಅನ್ನೋರು ಇದಕ್ಕೂ ಮೊದಲೇ ಪವಿತ್ರ ಭೂಮಿಯಲ್ಲಿ ಬೇಸಾಯದ ಮಾತಾಡಿದ್ದರು. 1862ರಲ್ಲಿ ಸಮಾಜವಾದಿ ಮೋಸೆಸ್ ಹೆಸ್ ಕೂಡ ಬರೆದಿದ್ದ. ಯಾರೂ ಕಿವಿಗೊಡಲಿಲ್ಲ. ಫ್ರಾನ್ಸಿನ ಯಹೂದಿ ಸಂಸ್ಥೆಯೊಂದು 1870ರಲ್ಲಿ ಯಾಫಾ ಹತ್ತಿರ 'ಮಿಕ್ವೆ ಇಸ್ರೇಲ್' ಅನ್ನೋ ಕೃಷಿ ಶಾಲೆ ತೆರೆಯಿತು. 1878ರಲ್ಲಿ ಜೆರುಸಲೇಮಿನ ಕೆಲವು ಯಹೂದಿಗಳು ಪೇತಾ ತಿಕ್ವಾ ಅನ್ನೋ ಊರು ಕಟ್ಟಹೋಗಿ, ಮಲೇರಿಯಾ ಹೊಡೆತಕ್ಕೆ ಬಿಟ್ಟು ಬಂದರು. ಮತ್ತೆ ಅಲ್ಲಿ ನೆಲೆಯೂರಿದ್ದು ಕೆಲವು ವರ್ಷ ಕಳೆದ ಮೇಲೆ. ಆಗ ಆ ಇಡೀ ನಾಡಿನಲ್ಲಿ ಹೆಚ್ಚೆಂದರೆ 5 ಲಕ್ಷ ಜನ, ಬಹುಪಾಲು ಅರಬ್ ಮುಸ್ಲಿಮರು ಮತ್ತು ಕ್ರೈಸ್ತರು. ಯಹೂದಿಗಳು ಸುಮಾರು 25 ಸಾವಿರ. ಜೆರುಸಲೇಮ್, ಹೆಬ್ರಾನ್, ಸಫೆದ್, ತಿಬೇರಿಯಾಸ್‌ನಲ್ಲಿ ಪ್ರಾರ್ಥನೆ, ಓದು ಅಂತ, ಹೊರದೇಶದ ದಾನದ ದುಡ್ಡಿನಲ್ಲಿ ಇದ್ದವರೇ ಹೆಚ್ಚು. ಅವರಿಗೆ ದೇಶ ಕಟ್ಟುವ ಯೋಚನೆ ಇರಲಿಲ್ಲ.

1882ರ ಜನವರಿಯಲ್ಲಿ ಖಾರ್ಕೋವ್ ಊರಿನ ವಿದ್ಯಾರ್ಥಿಗಳು 'ಬಿಲೂ' ಅನ್ನೋ ಗುಂಪು ಕಟ್ಟಿದರು. ನೂರಾರು ಜನ ಹೆಸರು ಕೊಟ್ಟರು. ಜುಲೈನಲ್ಲಿ ಯಾಫಾ ಬಂದರಿನಲ್ಲಿ ಇಳಿದ ಮೊದಲ ತಂಡದಲ್ಲಿ ಇದ್ದದ್ದು ಹದಿನಾಲ್ಕೇ ಜನ. ಚಳವಳಿ ಮಾಡಿದವರಿಗೆಲ್ಲ ಗೊತ್ತಿರೋ ಲೆಕ್ಕ ಇದು, ನಗಬೇಡಿ. ಗುದ್ದಲಿ ಹಿಡಿದು ಗೊತ್ತಿಲ್ಲದ ಹುಡುಗರು ಮಿಕ್ವೆ ಇಸ್ರೇಲ್‌ನಲ್ಲಿ ಕೂಲಿ ಮಾಡಿದರು. ಅದೇ ತಿಂಗಳ ಕೊನೆಗೆ ಬೇರೆ ಕೆಲವು ಕುಟುಂಬಗಳು ಸೇರಿ ರಿಶೋನ್ ಲೆಜಿಯೋನ್ ಅನ್ನೋ ಊರು ಶುರು ಮಾಡಿದವು. ಮರಳು ನೆಲ, ಬಾವಿ ತೋಡಿದರೆ ನೀರಿಲ್ಲ, ಕೈಯಲ್ಲಿ ಕಾಸಿಲ್ಲ. ಕೊನೆಗೆ ಪ್ಯಾರಿಸಿನ ಸಾಹುಕಾರ ಬ್ಯಾರನ್ ಎಡ್ಮಂಡ್ ರಾತ್‌ಶೀಲ್ಡ್ ಮುಂದೆ ಕೈಚಾಚಿದರು.

ಬ್ಯಾರನ್ ಕೊಟ್ಟ, ಧಾರಾಳವಾಗಿಯೇ ಕೊಟ್ಟ. ಜೊತೆಗೆ ಮೇಲ್ವಿಚಾರಕರನ್ನೂ ಕಳಿಸಿದ. ಏನು ಬೆಳೀಬೇಕು, ಯಾವಾಗ ನೀರು ಹಾಯಿಸಬೇಕು, ಯಾರು ಊರಲ್ಲಿ ಇರಬೇಕು ಅನ್ನೋದನ್ನೆಲ್ಲ ಅವರೇ ತೀರ್ಮಾನಿಸೋರು. ಜಮೀನು ದ್ರಾಕ್ಷಿ ತೋಟವಾಯ್ತು, ದೊಡ್ಡ ವೈನ್ ಕಾರ್ಖಾನೆ ಎದ್ದಿತು. 1887ರಲ್ಲಿ ರಿಶೋನ್‌ನವರು ಮೇಲ್ವಿಚಾರಕನ ವಿರುದ್ಧ ದಂಗೆ ಎದ್ದರು, ಬ್ಯಾರನ್ ಅದನ್ನ ಅಡಗಿಸಿದ. ನೇಗಿಲು ಹಿಡಿದು ಮನುಷ್ಯರಾಗಲು ಬಂದವರು ಹತ್ತು ಹದಿನೈದು ವರ್ಷದಲ್ಲಿ ತೋಟದ ಮಾಲೀಕರಾಗಿ, ನೇಗಿಲನ್ನ ಪಕ್ಕದ ಹಳ್ಳಿಯ ಅರಬ್ ಕೂಲಿಗಳ ಕೈಗೆ ಕೊಟ್ಟಿದ್ದರು.

ಈಗ ಜಮೀನಿನ ವಿಷಯ. ಇಲ್ಲಿ ನಿಧಾನವಾಗಿ ಓದಿ.

ಪ್ಯಾಲೆಸ್ಟೀನ್ ಆಗ ಒಟ್ಟೊಮನ್ ತುರ್ಕರ ಆಳ್ವಿಕೆಯಲ್ಲಿತ್ತು. ಹಳ್ಳಿಗಳಲ್ಲಿ 'ಮುಶಾ' ಅನ್ನೋ ಪದ್ಧತಿ. ಜಮೀನು ಇಡೀ ಊರಿನದು, ಕೆಲವು ವರ್ಷಕ್ಕೊಮ್ಮೆ ಮನೆಮನೆಗೆ ಪಾಲು ಬದಲಾಯಿಸಿಕೊಂಡು ಉಳುತ್ತಿದ್ದರು. ಯಾರ ಹತ್ತಿರವೂ ಕಾಗದ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ತಾತ ಉತ್ತ ನೆಲ, ಅಪ್ಪ ಉತ್ತ ನೆಲ, ಅಷ್ಟೇ ದಾಖಲೆ. 1858ರಲ್ಲಿ ಸರ್ಕಾರ ಹೊಸ ಭೂ ಕಾಯ್ದೆ ತಂತು: ಎಲ್ಲರೂ ಬಂದು ಹೆಸರು ನೋಂದಾಯಿಸಿಕೊಳ್ಳಿ. ರೈತರು ಹೆದರಿದರು. ಹೆಸರು ಬರೆಸಿದರೆ ಕಂದಾಯ ಹೆಚ್ಚಾಗುತ್ತೆ, ಮಗನನ್ನ ಸೈನ್ಯಕ್ಕೆ ಎಳೀತಾರೆ. ಹಾಗಾಗಿ ಎಷ್ಟೋ ಕಡೆ ಇಡೀ ಊರಿನ ಜಮೀನು ಪಟ್ಟಣದ ಶ್ರೀಮಂತನ ಹೆಸರಿಗೋ, ಊರ ದೊಡ್ಡ ಮನುಷ್ಯನ ಹೆಸರಿಗೋ ಹೋಯ್ತು. ಸಾಲಕ್ಕೆ, ಬಾಕಿ ಕಂದಾಯಕ್ಕೆ ಹೋದದ್ದೂ ಇದೆ. ಫಲವತ್ತಾದ ಜೆಜ್ರೀಲ್ ಕಣಿವೆಯಲ್ಲಿ ಹಳ್ಳಿ ಹಳ್ಳಿಗಳನ್ನೇ ಬೈರೂತಿನ ಸುರ್ಸುಕ್ ಮನೆತನದ ಸಾಹುಕಾರರು ಸರ್ಕಾರದಿಂದ ಕೊಂಡರು. ಹೊಲದ ಮುಖ ನೋಡದವರು ಹೊಲದ ಒಡೆಯರಾದರು. ಉಳುತ್ತಿದ್ದವನು ಅದೇ ಹೊಲದಲ್ಲಿ ಗೇಣಿದಾರನಾಗಿ ಉಳಿದ. ಒಡೆಯ ಬದಲಾದರೆ ಅವನಿಗೇನೂ ಆಗುತ್ತಿರಲಿಲ್ಲ, ಹೊಸಬನಿಗೆ ಗೇಣಿ ಅಳೆದರಾಯ್ತು.

ಜಿಯೋನಿಸ್ಟ್ ಸಂಘಗಳು ಜಮೀನು ಕೊಂಡದ್ದು ಹೆಚ್ಚಾಗಿ ಇಂಥ ದೊಡ್ಡ ಒಡೆಯರಿಂದ. ಹಣ ಕೊಟ್ಟೇ ಕೊಂಡರು, ಕಾಗದ ಮಾಡಿಸಿಕೊಂಡೇ ಕೊಂಡರು. "ದುಡ್ಡು ಕೊಟ್ಟು ಕೊಂಡ್ರಲ್ಲ, ಅನ್ಯಾಯ ಏನು?" ಅಂತ ಕೇಳೋರು ಇವತ್ತಿಗೂ ಇದ್ದಾರೆ. ಮಾರಿದ ಸಾಹುಕಾರರೂ ಅರಬರೇ ಅನ್ನೋದೂ ನಿಜ. ಆದರೆ ಪಹಣಿಯಲ್ಲಿ ಯಾರ ಹೆಸರಿದೆ, ಬಿಸಿಲಲ್ಲಿ ಯಾರ ಬೆನ್ನು ಬಗ್ಗಿದೆ ಅನ್ನೋದು ಎರಡು ಬೇರೆ ಪ್ರಶ್ನೆ ಅಂತ ಗೇಣಿ ಹೋರಾಟ ಕಂಡ ನಾಡಿನವರಿಗೆ ಗೊತ್ತಿರಬೇಕು. ಹೊಸ ಒಡೆಯರಿಗೆ ಗೇಣಿ ಬೇಕಿರಲಿಲ್ಲ, ನೆಲವೇ ಬೇಕಿತ್ತು. ಅದಕ್ಕೇ ಉಳುವವರನ್ನ ಒಕ್ಕಲೆಬ್ಬಿಸಿದರು.

ಇದನ್ನ ಕಣ್ಣಾರೆ ಕಂಡು ಬರೆದಿಟ್ಟವನು ಅರಬನಲ್ಲ, ಯಹೂದಿ. ಯಿತ್ಸಾಕ್ ಎಪ್‌ಸ್ಟೈನ್ ಅಂತ, ಗಲಿಲೀ ಸೀಮೆಯ ರೋಶ್ ಪಿನಾ ಕಡೆ ಬೇಸಾಯ ಮಾಡಿ, ಆಮೇಲೆ ಮೇಷ್ಟ್ರಾದವನು. ರೋಶ್ ಪಿನಾ ಎದ್ದದ್ದು ಜಾಊನಾ ಅನ್ನೋ ಅರಬ್ ಹಳ್ಳಿಯ ನೆಲದಲ್ಲಿ. ಅಲ್ಲಿನ ಒಕ್ಕಲು ಕುಟುಂಬಗಳು ಪರಿಹಾರದ ಕಾಸು ಹಿಡಿದು ಯೊರ್ದಾನ್ ನದಿಯಾಚೆಯ ಹೌರಾನ್ ಕಡೆ ಗುಳೆ ಹೊರಟ ದಿನ ಹೆಂಗಸರು ಗೋಳಾಡಿದ್ದು, ನಡುನಡುವೆ ನಿಂತು ನೆಲಕ್ಕೆ, ಕಲ್ಲಿಗೆ ಮುತ್ತಿಟ್ಟದ್ದು ವರ್ಷಗಳಾದರೂ ಅವನ ಕಿವಿ, ಕಣ್ಣು ಬಿಟ್ಟು ಹೋಗಲಿಲ್ಲ. 1905ರಲ್ಲಿ ಬಾಸೆಲ್‌ನಲ್ಲಿ ಜಿಯೋನಿಸ್ಟ್ ಸಮ್ಮೇಳನದ ಹೊತ್ತಿಗೇ ಒಂದು ಸಭೆಯಲ್ಲಿ ಎದ್ದು ನಿಂತು ಇದನ್ನೆಲ್ಲ ಹೇಳಿದ. ಕಾನೂನು ನಮ್ಮ ಕಡೆ ಇದೆ, ಸರಿ, ನ್ಯಾಯ ಇದೆಯಾ ಅಂತ ಕೇಳಿದ. 1907ರಲ್ಲಿ ಆ ಭಾಷಣ ಹೀಬ್ರೂ ಪತ್ರಿಕೆಯಲ್ಲಿ ಅಚ್ಚಾಯ್ತು. ಅದಕ್ಕೆ ಅವನು ಇಟ್ಟ ಹೆಸರು 'ಮರೆಯಾದ ಪ್ರಶ್ನೆ' ಅಂತ. ಅವನನ್ನ ದುರ್ಬಲ ಮನಸ್ಸಿನವನು ಅಂತ ಜರಿದವರೇ ಜಾಸ್ತಿ.

ಉಳಿದ ಕಡೆ ಬರೀ ಗೋಳಾಟದಲ್ಲಿ ಮುಗಿಯಲಿಲ್ಲ. 1886ರಲ್ಲಿ ಪೇತಾ ತಿಕ್ವಾದಲ್ಲಿ ಮೇಯೋ ಜಾಗ, ಉಳುವ ಜಾಗದ ಜಗಳ ದೊಡ್ಡ ಹೊಡೆದಾಟವಾಯ್ತು. ಉತ್ತರದ ತುದಿಯ ಮೆತುಲಾದಲ್ಲಿ 1896ರಲ್ಲಿ ಬ್ಯಾರನ್ನನ ಏಜೆಂಟ್ ಜಮೀನು ಕೊಂಡಾಗ ಅಲ್ಲಿದ್ದ ಡ್ರೂಝ್ ಸಮುದಾಯದ ಗೇಣಿದಾರರು ಬೀದಿಗೆ ಬಿದ್ದರು. ಅವರು ವರ್ಷಗಳ ಕಾಲ ಆ ವಸಾಹತಿನ ಮೇಲೆ ದಾಳಿ ಮಾಡ್ತಾನೇ ಇದ್ದರು.

"ಜನರಿಲ್ಲದ ನಾಡು, ನಾಡಿಲ್ಲದ ಜನಕ್ಕೆ" ಅನ್ನೋ ಘೋಷಣೆ ಕೇಳಿರ್ತೀರಿ. ಅದನ್ನ ಮೊದಲು ಹುಟ್ಟಿಸಿದವರು ಇಂಗ್ಲಿಷ್ ಮಾತಾಡುವ ಕ್ರೈಸ್ತ ಭಕ್ತರು, ಯಹೂದಿಗಳಲ್ಲ. 1891ರಲ್ಲೇ ಅಹದ್ ಹಾಮ್ ಅನ್ನೋ ಒಡೆಸಾದ ಯಹೂದಿ ಚಿಂತಕ ಪ್ಯಾಲೆಸ್ಟೀನ್ ಸುತ್ತಿ ಬಂದು ಅದಕ್ಕೆ ಉತ್ತರ ಬರೆದಿದ್ದ: ಅಲ್ಲಿ ಉಳಬಹುದಾದ ನೆಲದಲ್ಲಿ ಉಳದೆ ಬಿಟ್ಟದ್ದು ಸಿಗೋದೇ ಕಷ್ಟ, ಅರಬರು ದಡ್ಡರಲ್ಲ, ನಮ್ಮವರು ಅವರನ್ನ ಕ್ರೂರವಾಗಿ ನಡೆಸಿಕೊಳ್ತಿದ್ದಾರೆ. ತನ್ನ ಊರಲ್ಲಿ ಗುಲಾಮನಾಗಿದ್ದವನಿಗೆ ದಿಢೀರನೆ ಸ್ವಾತಂತ್ರ್ಯ ಸಿಕ್ಕಾಗ ಅವನೇ ದಬ್ಬಾಳಿಕೆಗೆ ಇಳೀತಾನೆ ಅನ್ನೋ ಅರ್ಥದ ಮಾತನ್ನೂ ಬರೆದ. ಅದೇ ವರ್ಷ ಜೆರುಸಲೇಮಿನ ಅರಬ್ ಮುಖಂಡರು ವಲಸೆ ಮತ್ತು ಜಮೀನು ಮಾರಾಟ ನಿಲ್ಲಿಸಿ ಅಂತ ಇಸ್ತಾನ್‌ಬುಲ್‌ಗೆ ಮನವಿ ಕಳಿಸಿದರು. ಅಂದ್ರೆ ಶುರುವಾಗಿ ಹತ್ತೇ ವರ್ಷದಲ್ಲಿ ಎರಡೂ ಕಡೆಯವರಿಗೆ ಎಲ್ಲ ಗೊತ್ತಿತ್ತು. ಗೊತ್ತಿಲ್ಲದೆ ಆದದ್ದು ಅಂತ ಯಾರೂ ಹೇಳೋ ಹಾಗಿಲ್ಲ.

ಹರ್ಜಲ್ ಬರೋದು ಇದೆಲ್ಲ ಆದಮೇಲೆ. ವಿಯೆನ್ನಾದ ಪತ್ರಕರ್ತ, ಸೂಟುಬೂಟಿನ ಮನುಷ್ಯ, ಹೀಬ್ರೂ ಸರಿಯಾಗಿ ಬರ್ತಿರಲಿಲ್ಲ. 1894ರ ಕೊನೆಗೆ ಫ್ರಾನ್ಸಿನಲ್ಲಿ ಡ್ರೈಫಸ್ ಅನ್ನೋ ಯಹೂದಿ ಸೇನಾಧಿಕಾರಿಯ ಮೇಲೆ ಸುಳ್ಳು ದೇಶದ್ರೋಹದ ಆರೋಪ ಹೊರಿಸಿ ಶಿಕ್ಷೆ ಕೊಟ್ಟರು. ಆ ಮೊಕದ್ದಮೆಯನ್ನ ಹರ್ಜಲ್ ಪತ್ರಿಕೆಗೆ ವರದಿ ಮಾಡಿದ. 1896ರಲ್ಲಿ 'ಯಹೂದಿ ರಾಷ್ಟ್ರ' ಪುಸ್ತಕ, 1897ರ ಆಗಸ್ಟ್‌ನಲ್ಲಿ ಬಾಸೆಲ್‌ನಲ್ಲಿ ಮೊದಲ ಜಿಯೋನಿಸ್ಟ್ ಸಮ್ಮೇಳನ. ಅದು ನಡೀಬೇಕಾಗಿದ್ದು ಮ್ಯೂನಿಕ್‌ನಲ್ಲಿ, ಅಲ್ಲಿನ ಯಹೂದಿಗಳೇ ಬೇಡ ಅಂದರು. ಹರ್ಜಲ್‌ಗೆ ಸಣ್ಣಪುಟ್ಟ ಹಳ್ಳಿ ಕಟ್ಟೋದರಲ್ಲಿ ನಂಬಿಕೆ ಇರಲಿಲ್ಲ. ದೊರೆಗಳ ಕೈಯಿಂದ ಸನದು ಬೇಕು ಅಂತ ಸುಲ್ತಾನ, ಕೈಸರ್, ಬ್ರಿಟಿಷ್ ಮಂತ್ರಿ ಅಂತ ಬಾಗಿಲು ಬಾಗಿಲು ಅಲೆದ. ಅವನ ಕಣ್ಣಿಗೆ ಪ್ಯಾಲೆಸ್ಟೀನ್ ಒಂದು ನಕ್ಷೆ.

ಆ ನಕ್ಷೆಯೊಳಗಿಂದ ಒಬ್ಬ ಮನುಷ್ಯ ಕಾಗದ ಬರೆದ. ಯೂಸುಫ್ ದಿಯಾ ಅಲ್ ಖಾಲಿದಿ, ಜೆರುಸಲೇಮಿನ ಮೇಯರ್ ಆಗಿದ್ದವನು. 1899ರ ಮಾರ್ಚಿನಲ್ಲಿ ಫ್ರಾನ್ಸಿನ ಮುಖ್ಯ ರಬ್ಬಿಯ ಮೂಲಕ ಹರ್ಜಲ್‌ಗೆ ತಲುಪುವಂತೆ ಬರೆದ. ಯಹೂದಿಗಳ ಮೇಲೆ ಗೌರವ ಇಟ್ಟೇ ಬರೆದ. ನಿಮ್ಮ ಆಸೆ ಸಹಜವಾದದ್ದು, ನಿಮ್ಮ ಹಳೆಯ ನಂಟನ್ನ ನಾನು ಅಲ್ಲಗಳೆಯಲ್ಲ, ಆದರೆ ಇಲ್ಲಿ ಜನ ಇದ್ದಾರೆ, ಬೇರೆ ಎಲ್ಲಾದರೂ ನೋಡಿಕೊಳ್ಳಿ ಅಂತ ದೇವರ ಮೇಲೆ ಆಣೆ ಹಾಕಿ ಬೇಡಿಕೊಂಡ. ಹರ್ಜಲ್ ಉತ್ತರ ಕೊಟ್ಟ: ಅವರನ್ನ ಕಳಿಸಬೇಕು ಅಂತ ಯಾರು ಯೋಚಿಸ್ತಾರೆ, ನಮ್ಮ ಹಣ, ಬುದ್ಧಿಯಿಂದ ಅವರ ಆಸ್ತಿಯ ಬೆಲೆಯೇ ಏರುತ್ತಲ್ಲ! ಅದೇ ಹರ್ಜಲ್ 1895ರ ಜೂನ್‌ನಲ್ಲಿ ತನ್ನ ಡೈರಿಯಲ್ಲಿ, ಬಡ ಜನರಿಗೆ ನಮ್ಮಲ್ಲಿ ಕೆಲಸ ಕೊಡದೆ, ಗಡಿಯಾಚೆ ಕೆಲಸ ಹುಡುಕಿಕೊಟ್ಟು ಸದ್ದಿಲ್ಲದೆ ಸಾಗಹಾಕಬೇಕು ಅಂತ ಬರೆದುಕೊಂಡಿದ್ದ.

1903ರಲ್ಲಿ ಕಿಶಿನೇವ್‌ನಲ್ಲಿ ಮತ್ತೆ ಪೋಗ್ರಂ, 49 ಜನ ಸತ್ತರು. ಅಲ್ಲಿ ದ್ವೇಷ ಕುದಿಸಿದ ಪತ್ರಿಕೆಯ ಸಂಪಾದಕ ಕ್ರುಶೆವಾನ್ ಅದೇ ವರ್ಷ ಇನ್ನೊಂದು ಪತ್ರಿಕೆಯಲ್ಲಿ, ಯಹೂದಿ ಹಿರಿಯರು ಜಗತ್ತನ್ನ ಆಳೋಕೆ ಸಂಚು ಮಾಡಿದ್ದಾರೆ ಅನ್ನೋ ಸುಳ್ಳು ದಾಖಲೆಯನ್ನ ಕಂತು ಕಂತಾಗಿ ಅಚ್ಚು ಹಾಕಿದ. ವಾಟ್ಸಾಪಲ್ಲಿ ಇವತ್ತಿಗೂ ಓಡಾಡೋದು ಅದೇ ಸರಕು. ಈ ಪೋಸ್ಟಿನ ಕೆಳಗೆ ಯಾರಾದರೂ ಅದನ್ನ ತಂದು ಹಾಕಿದ್ರೆ ಡಿಲೀಟ್ ಮಾಡ್ತೀನಿ, ಮೊದಲೇ ಹೇಳಿದೀನಿ.

ಕಿಶಿನೇವ್ ಆದಮೇಲೆ ಬ್ರಿಟಿಷರು ಪೂರ್ವ ಆಫ್ರಿಕಾದಲ್ಲಿ ಜಾಗ ತೋರಿಸಿದರು. 'ಉಗಾಂಡಾ ಯೋಜನೆ' ಅಂತಾರೆ, ಆದರೆ ಆ ಜಾಗ ಇರೋದು ಇವತ್ತಿನ ಕೀನ್ಯಾದಲ್ಲಿ. ಪರಿಶೀಲನಾ ತಂಡ ಕಳಿಸೋಕೆ 295 ಮತ ಪರ, 178 ವಿರುದ್ಧ. ವಿರೋಧಿಸಿ ಎದ್ದು ಹೊರನಡೆದವರಲ್ಲಿ ಕಿಶಿನೇವ್‌ನ ಪ್ರತಿನಿಧಿಗಳೂ ಇದ್ದರು. ಆ ಸೀಮೆಯ ಮಾಸಾಯಿ, ನಂದಿ ಜನರನ್ನ ಮಾತ್ರ ಲಂಡನ್ನಿನಲ್ಲೂ ಕೇಳಲಿಲ್ಲ, ಬಾಸೆಲ್‌ನಲ್ಲೂ ಕೇಳಲಿಲ್ಲ. 1905ರಲ್ಲಿ ಯೋಜನೆ ಬಿದ್ದುಹೋಯ್ತು.

1904ರಿಂದ ಬಂದ ಎರಡನೇ ವಲಸೆಯ ಹುಡುಗ ಹುಡುಗಿಯರು ಬೇರೆ ಥರದವರು. ಸಮಾಜವಾದಿಗಳು, ಆದರ್ಶದ ಜನ. ತೋಟದ ಮಾಲೀಕರು ಅರಬ್ ಕೂಲಿಗಳನ್ನ ದುಡಿಸೋದನ್ನ ನೋಡಿ ಇದು ಶೋಷಣೆ ಅಂದರು. ಸರಿಯಾದ ಮಾತೇ. ಅದಕ್ಕೆ ಅವರು ಕಂಡುಕೊಂಡ ಮದ್ದು ಏನು ಗೊತ್ತಾ? ಅರಬರಿಗೆ ನ್ಯಾಯವಾದ ಕೂಲಿ ಕೊಡಿಸೋದಲ್ಲ, ಅರಬರನ್ನ ಕೆಲಸದಿಂದ ಬಿಡಿಸೋದು! ಯಹೂದಿ ನೆಲದಲ್ಲಿ ಯಹೂದಿ ದುಡಿಮೆ ಮಾತ್ರ. 'ದುಡಿಮೆಯ ಗೆಲುವು' ಅಂತ ಅದಕ್ಕೆ ಹೆಸರು. 1901ರಲ್ಲಿ ಹುಟ್ಟಿದ ಯಹೂದಿ ರಾಷ್ಟ್ರೀಯ ನಿಧಿ ಕೊಂಡ ನೆಲವನ್ನ ಎಂದೂ ಮಾರುವಂತಿಲ್ಲ, ಇಡೀ ಜನಾಂಗದ ಹೆಸರಲ್ಲಿ ಅದು ಉಳೀಬೇಕು. 1910ರಲ್ಲಿ ಮೊದಲ ಕಿಬುತ್ಸ್ ದೆಗಾನಿಯಾ ಎದ್ದದ್ದು ಇಂಥ ನೆಲದಲ್ಲೇ. ಒಳಗೆ ಒಡೆಯನಿಲ್ಲ, ಆಳಿಲ್ಲ, ಒಂದೇ ಅಡುಗೆಮನೆ. ಬೇಲಿಯ ಆಚೆಯವನಿಗೆ ಆ ಸಮಾನತೆ ಇರಲಿಲ್ಲ. ಬ್ಯಾರನ್ನನ ತೋಟದಲ್ಲಿ ಅರಬ್ ರೈತನಿಗೆ ನೆಲ ಹೋಗಿತ್ತು, ಕೂಲಿಯಾದರೂ ಇತ್ತು. ಸಮಾಜವಾದಿಗಳು ಬಂದಮೇಲೆ ಅದಕ್ಕೂ ಕುತ್ತು ಬಂತು.

ಅದೇ 1910ರಲ್ಲಿ ಸುರ್ಸುಕ್ ಮನೆತನದವರು ಅಲ್ ಫೂಲಾ ಅನ್ನೋ ಹಳ್ಳಿಯನ್ನ ಮಾರಿದರು. ರೈತರು ಏಳಲ್ಲ ಅಂತ ಕೂತರು. ನಜರೇತಿನ ಆಡಳಿತಾಧಿಕಾರಿ ಶುಕ್ರಿ ಅಲ್ ಅಸಲಿ ಜಮೀನು ಬಿಟ್ಟುಕೊಡಿಸಲು ಒಪ್ಪಲಿಲ್ಲ. ಪತ್ರಿಕೆಗಳಲ್ಲಿ ಸಲಾಹುದ್ದೀನ್ ಅನ್ನೋ ಹೆಸರಲ್ಲಿ ಬರೆದ. ಮೇಲಿನವರು ಒಪ್ಪಿದರು, ರೈತರು ಎದ್ದು ಹೋಗಬೇಕಾಯ್ತು, 1911ರಲ್ಲಿ ಅಲ್ಲಿ ಮೆರ್ಹಾವಿಯಾ ಎದ್ದಿತು. ಕೈಕೆಳಗಿನ ಅಧಿಕಾರಿ ಬಡವರ ಪರ ನಿಂತರೆ ಮೇಲಿಂದ ಏನು ಬರುತ್ತೆ ಅಂತ ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿದವರಿಗೆ ಹೇಳಬೇಕಿಲ್ಲ. 1914ರ ಹೊತ್ತಿಗೂ ಯಹೂದಿಗಳ ಕೈಯಲ್ಲಿದ್ದ ನೆಲ ಪ್ಯಾಲೆಸ್ಟೀನಿನ ಶೇ. 2ರಷ್ಟು ಮಾತ್ರ. ಆದರೆ ಕ್ರಮ ಗಟ್ಟಿಯಾಗಿತ್ತು.

ಈಗ ನಮ್ಮ ಮೊದಲ ಗುಂಪಿನ ಗೆಳೆಯರಿಗೆ ಒಂದು ಮಾತು. "ಒಗ್ಗಟ್ಟಾಗಿ ಕಟ್ಟಿದ್ರು" ಅಂತೀರಲ್ಲ, ಆ ಒಗ್ಗಟ್ಟಿನ ಒಳಗೆ ನೋಡೋಣ ಬನ್ನಿ. ಯುರೋಪಿನಿಂದ ಬಂದ ಹುಡುಗರು ಅರಬ್ ಕೂಲಿಯಷ್ಟು ಕಡಿಮೆ ಕಾಸಿಗೆ ಬಾಳಲಾರದೆ ಸೋತರು. ಆಗ ಮುಖಂಡರ ಕಣ್ಣು ಯೆಮೆನ್ ದೇಶದ ಯಹೂದಿಗಳ ಮೇಲೆ ಬಿತ್ತು. ಕಪ್ಪು ಬಣ್ಣ, ಅರಬ್ಬೀ ಮಾತು, ಸ್ವಲ್ಪದರಲ್ಲೇ ಬದುಕಿ ಗೊತ್ತಿರೋ ಜನ, ಇವರು ಹುಟ್ಟಾ ಕೂಲಿಗಳು ಅನ್ನೋ ಲೆಕ್ಕ. 1911ರ ಸುಮಾರಿಗೆ ಯಾವ್ನಿಯೇಲಿ ಅನ್ನೋನನ್ನ ಧಾರ್ಮಿಕ ದೂತನ ವೇಷದಲ್ಲಿ ಯೆಮೆನ್‌ಗೆ ಕಳಿಸಿ ಸಾವಿರಕ್ಕೂ ಹೆಚ್ಚು ಜನರನ್ನ ಕರೆಸಿದರು. ಬಂದವರಿಗೆ ಯುರೋಪಿನವರಿಗಿಂತ ಕಡಿಮೆ ಕೂಲಿ, ಎಷ್ಟೋ ಕಡೆ ಕೊಟ್ಟಿಗೆ, ಶೆಡ್ಡುಗಳೇ ಮನೆ. ಮಕ್ಕಳು ಕಾಯಿಲೆ ಬಿದ್ದು ಸತ್ತವು. ಗಲಿಲೀ ಸರೋವರದ ದಂಡೆಯ ಕಿನ್ನೆರೆತ್‌ನಲ್ಲಿ 1912ರಲ್ಲಿ ನೆಲೆಸಿದ ಯೆಮೆನ್ ಕುಟುಂಬಗಳು ಹದಿನೆಂಟು ವರ್ಷ ಮಣ್ಣು ಹೊತ್ತ ಮೇಲೆ, 1930ರಲ್ಲಿ ಅವರನ್ನ ಅಲ್ಲಿಂದ ಎಬ್ಬಿಸಿ ರೆಹೊವೋತ್ ಹತ್ತಿರಕ್ಕೆ ಸಾಗಿಸಿದರು. ನೆಲ 'ಜನಾಂಗದ್ದು', ಜನಾಂಗದೊಳಗೆ ಅವರ ಪಾಲು ಇಷ್ಟು.

ದೂರ ಯಾಕೆ, ನಮ್ಮ ಪಕ್ಕದ ಕೊಚ್ಚಿಯಲ್ಲೇ ಪರದೇಸಿ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಹಿಂದೊಮ್ಮೆ ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು ಉಳಿದವರ ಸಮಕ್ಕೆ ಕೂರುವಂತಿರಲಿಲ್ಲ. ಅದರ ವಿರುದ್ಧ ಸತ್ಯಾಗ್ರಹದ ದಾರಿ ಹಿಡಿದವರು ಅದೇ ಸಮುದಾಯದ ವಕೀಲ ಎ.ಬಿ. ಸೇಲಂ. ಇಪ್ಪತ್ತನೇ ಶತಮಾನದಲ್ಲಿ, ಅದೂ ದೇವರ ಮನೆಯಲ್ಲಿ.

ಪ್ಯಾಲೆಸ್ಟೀನ್ ಬಿಟ್ಟರೆ ದಾರಿಯೇ ಇರಲಿಲ್ಲವಾ? ಇತ್ತು. ಬಾಸೆಲ್ ಸಮ್ಮೇಳನ ನಡೆದ ಅದೇ 1897ರ ಅಕ್ಟೋಬರ್‌ನಲ್ಲಿ, ವಿಲ್ನಾ ಊರಿನಲ್ಲಿ ಗುಟ್ಟಾಗಿ ಸೇರಿದ ಹದಿಮೂರು ಯಹೂದಿ ಕಾರ್ಮಿಕ ಹೋರಾಟಗಾರರು 'ಬುಂದ್' ಅನ್ನೋ ಸಂಘಟನೆ ಕಟ್ಟಿದರು. ನಾವು ಎಲ್ಲಿಗೂ ಹೋಗಲ್ಲ, ಇಲ್ಲೇ, ಹುಟ್ಟಿದ ನೆಲದಲ್ಲೇ, ನಮ್ಮ ಯಿದ್ದಿಷ್ ಭಾಷೆಯಲ್ಲೇ ಹಕ್ಕು ಕೇಳ್ತೀವಿ ಅಂದರು. ಪೋಗ್ರಂ ಬಂದರೆ ಎದುರಿಸಲು ತಮ್ಮದೇ ರಕ್ಷಣಾ ದಳ ಕಟ್ಟಿದರು. ಆ ಕಾಲದಲ್ಲಿ ರಷ್ಯಾದ ಕೂಲಿಕಾರ ಯಹೂದಿಗಳ ನಡುವೆ ಜಿಯೋನಿಸ್ಟರಷ್ಟೇ ಗಟ್ಟಿಯಾಗಿ ಬೇರೂರಿದ್ದವರು ಇವರು. ಆ ಜನರಲ್ಲಿ ಬಹುಪಾಲನ್ನ, ಅವರ ಮಕ್ಕಳನ್ನ ಮುಂದೆ ನಾಜಿಗಳು ಕೊಂದರು. "ನೋಡಿ, ಇಲ್ಲೇ ಇರ್ತೀವಿ ಅಂದವರ ಗತಿ" ಅಂತ ಅದನ್ನ ಜಿಯೋನಿಸಂ ಪರ ವಾದಕ್ಕೆ ಬಳಸ್ತಾರೆ. ಆ ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಅದರ ಭಾರ ದೊಡ್ಡದು. ಆದರೆ ಜಾಊನಾದ ಹೆಂಗಸರು ಮಣ್ಣಿಗೆ ಮುತ್ತಿಟ್ಟು ಹೊರಟಾಗ ಹಿಟ್ಲರ್ ಯಾರು ಅಂತ ಜಗತ್ತಿಗೆ ಗೊತ್ತಿರಲಿಲ್ಲ. ಆ ಲೆಕ್ಕವನ್ನ ಈ ಲೆಕ್ಕದ ಮೇಲೆ ಹಾಕೋಕೆ ಬರಲ್ಲ.

ಕೊನೆಗೆ, "ಬಾಬಾಸಾಹೇಬರೂ ಬೇರೆ ನೆಲೆ ಕೇಳಿದ್ರಲ್ಲ, ಅದೂ ಇದೂ ಒಂದೇ" ಅಂತ ಬರೆಯೋರಿಗೆ. ಕೇಳಿದ್ದು ನಿಜ. 1942ರ ಜುಲೈನಲ್ಲಿ ನಾಗಪುರದ ಪರಿಶಿಷ್ಟ ಜಾತಿಗಳ ಸಮ್ಮೇಳನ ಪ್ರತ್ಯೇಕ ಹಳ್ಳಿಗಳಿಗಾಗಿ ನಿರ್ಣಯ ಮಾಡ್ತು. 1947ರ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'ನಲ್ಲಿ ಅದನ್ನ ಸಂವಿಧಾನದ ಭಾಗವೇ ಮಾಡಬೇಕು ಅಂತ ಬರೆದರು. ಊರ ಹೊರಗೆ ಇಟ್ಟವರ ಕೂಲಿಗೆ ಕೈಚಾಚಿ ಬದುಕುವ ತನಕ ಬಿಡುಗಡೆ ಇಲ್ಲ ಅನ್ನೋದು ಅವರ ಕಾರಣ. ಪಿನ್ಸ್‌ಕರ್‌ನ ಗಾಯ, ಅವರ ಗಾಯ ಒಂದೇ ಜಾತಿಯ ಗಾಯ ಅಂತ ನಾನೂ ಒಪ್ತೀನಿ. ಪುಸ್ತಕ ಇದ್ದರೆ ತೆಗೆದು ಆ ಕಲಂ ಓದಿ. ಒಂದು ಸೆಟಲ್‌ಮೆಂಟ್ ಕಮಿಷನ್, ಅದರ ಸುಪರ್ದಿಗೆ ಸರ್ಕಾರದ ಜಮೀನು. ಯಾವ ಜಮೀನು ಅಂತಲೂ ಬಾಬಾಸಾಹೇಬರು ಬರೆದಿದ್ದಾರೆ: ಸಾಗುವಳಿಯಾಗದೆ ಬಿದ್ದಿರುವ ಜಮೀನು.

ಜೈ ಭೀಮ್.